ವೆಂಟಿಲೇಟರಿನ ಹಗ್ಗ

ರೀ,

ಹೀಗೇ ಕರೆದು ಅಭ್ಯಾಸ, ಈಗ ಹೊಸದಾಗಿ ಇನ್ನೇನಂತ ಕರೆಯಲಿ? ನನಗೊಂದು ಗೊಂದಲವಾಗಿದೆ. ನೀವಿದ್ದಾಗ ಸ್ಕೂಲಿನಲ್ಲಿ ಮಾಡಿದ ಪಾಠವನ್ನೇ ನನಗೂ ಮಾಡುತ್ತಿದ್ದಿರಿ, ನಾನು ಒಗ್ಗರಣೆ ಸೀದುಹೋಗುತ್ತೆ ಅಂತ ನಡುವೆಯೇ ಎದ್ದುಹೋಗುತ್ತಿದ್ದೆ. ಅದಕ್ಕೇ ಈಗ ಎಲ್ಲ ಅರ್ಧಂಬರ್ಧ ಜ್ಞಾಪಕ.

ಮದುವೆಯಾಗಿ ಈ ಬಸವನಗುಡಿ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ನಡುಮನೆಯ ವೆಂಟಿಲೇಟರಿನ ಹಗ್ಗವನ್ನು ನನ್ನ ಕೈಗೆ ಕೊಟ್ಟಿರಿ. ಬಿಸಿ ಗಾಳಿ ಹಗುರ, ಸೂರಿನಡಿ ಹೋಗಿ ಕೂತಿರುತ್ತೆ, ಸಂಜೆ ಮೇಲಿನ ಗಾಜು ತೆಗೆದರೆ ಹೊರಟುಹೋಗುತ್ತೆ ಅಂದಿರಿ. ಬೇರೆಯವರ ಗಂಡಂದಿರು ಮಲ್ಲಿಗೆ ತಂದುಕೊಡುತ್ತಿದ್ದರು. ಇರಲಿ. ಅವತ್ತಿನಿಂದ ದೀಪ ಹಚ್ಚುವುದು, ಹಗ್ಗ ಎಳೆಯುವುದು ಎರಡೂ ಸೇರಿ ಒಂದೇ ವ್ರತವಾಯಿತು. ನೀವು ಹೋದಮೇಲೂ ನಾನು ಬಿಡಲಿಲ್ಲ.

ನಂದಿಬೆಟ್ಟಕ್ಕೆ ಹೋದಾಗ ಕೇಳಿದ್ದೆನಲ್ಲ, ಬಿಸಿ ಮೇಲಕ್ಕೆ ಹೋಗುವುದಾದರೆ ಇಲ್ಲೇಕೆ ಇಷ್ಟು ಚಳಿ ಅಂತ. "ಒಲೆ ಕೆಳಗಿದೆ ಕಣೇ," ಅಂದಿರಿ. ಬಿಸಿಲಿಗೆ ಮೊದಲು ಕಾಯುವುದು ನೆಲ, ನೆಲದಿಂದ ಗಾಳಿ. ಆ ಗಾಳಿ ಮೇಲೇರುತ್ತಾ ಹರಡಿಕೊಂಡು ತಣ್ಣಗಾಗುತ್ತೆ ಅಂತ. ಹರಡಿಕೊಂಡರೆ ಯಾಕೆ ತಣ್ಣಗಾಗಬೇಕು? ಅದನ್ನೂ ಹೇಳಿದಿರಿ, ನನ್ನ ಗಮನವೆಲ್ಲ ಶಾಲಿನ ಮೇಲಿತ್ತು.

ಮೊನ್ನೆ ಸಂಜೆ ನಮ್ಮ ಮಗ ನಾಗೇಶ ನನ್ನ ಮೇಲೆ ರೇಗಿದ. ಅವನ ಮಗುವಿಗೆ... ಅಯ್ಯೋ, ಇದನ್ನೇ ಮೊದಲು ಬರೆಯಬೇಕಿತ್ತು, ನೋಡಿ ನನ್ನ ತಲೆ. ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಬೇಸಿಗೆಗೆ ಅವಳ ಬೆನ್ನುತುಂಬ ಬೆವರುಸಾಲೆ, ಒಂದೇ ಸಮನೆ ಅಳು. ನಾನು ಹಗ್ಗ ಎಳೆಯುತ್ತಿದ್ದಾಗ ನಾಗೇಶ ಅವಳನ್ನು ಎತ್ತಿಕೊಂಡು ಬಂದು ಮೇಲೆ ನೋಡು ಅಂದ. ಪಕ್ಕದ ಹಳೇ ಮನೆ ಕೆಡವಿ ಈಗ ನಾಲ್ಕಂತಸ್ತು ಕಟ್ಟಿದ್ದಾರೆ. ಅದರ ಎ.ಸಿ.ಗಳ ಹೊರಗಿನ ಪೆಟ್ಟಿಗೆಗಳು ಸಾಲಾಗಿ ನಮ್ಮ ವೆಂಟಿಲೇಟರಿಗೇ ಮುಖಮಾಡಿ ಕೂತಿವೆ.

"ಅಮ್ಮಾ, ಅವರ ಮನೆ ಸೆಕೆಗೆ ನೀನೇ ಬಾಗಿಲು ತೆಗೀತಿದೀಯ."

ನಂಬದೆ ಮಾಳಿಗೆ ಹತ್ತಿ ಅಲ್ಲೇ ನಿಂತೆ. ಕಾದ ದೋಸೆಹೆಂಚಿನ ಮುಂದೆ ಬಗ್ಗಿದ ಹಾಗೆ ಮುಖಕ್ಕೆ ಝಳ ಹೊಡೆಯಿತು. ಇಷ್ಟು ದಿನ ಮಗುವನ್ನು ಬೇಯಿಸಿದ್ದು ನಾನೋ, ನಿಮ್ಮ ಪಾಠವೋ? ನೀವು ಹೇಳಿದ್ದಂತೂ ಸುಳ್ಳಲ್ಲ. ಹಾಗಂತ... ಏನೋ, ನನಗೆ ಅಳು ಬಂದುಬಿಟ್ಟಿತು.

ನಾಗೇಶ ಈಗ ನಮ್ಮ ಮನೆಗೂ ಎ.ಸಿ. ಹಾಕಿಸುತ್ತಾನಂತೆ. ಅದರ ಪೆಟ್ಟಿಗೆ ಹಿತ್ತಲ ಗೋಡೆಗೆ, ಅಂದರೆ ಹಿಂದಿನ ಮನೆ ಪದ್ಮನ ಅಡುಗೆಮನೆ ಕಿಟಕಿಗೆ ನೇರ. ಸೆಕೆ ಎಲ್ಲೂ ಮಾಯವಾಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ ಅಂತ ನೀವೇ ಹೇಳುತ್ತಿದ್ದಿರಿ. ಹಾಗಾದರೆ ಪಕ್ಕದವರದು ನಮಗೆ, ನಮ್ಮದು ಪದ್ಮನಿಗೆ, ಪದ್ಮನದು ಇನ್ಯಾರಿಗೋ. ಬೇಡ ಅನ್ನೋಣವೆಂದರೆ ಮಗುವಿನ ಬೆನ್ನು ನೋಡಲಾಗುವುದಿಲ್ಲ. ಹೂಂ ಅನ್ನೋಣವೆಂದರೆ, ಪದ್ಮ ಕರಿಬೇವು ಕೇಳಲು ಬಂದಾಗ ಅವಳಿಗೆ ಯಾವ ಮುಖ ತೋರಿಸಲಿ?

ನಿನ್ನೆ ಹೇಳಿಬಿಟ್ಟೆ, ಹಾಕಿಸು, ಆದರೆ ಪೆಟ್ಟಿಗೆ ಮಾಳಿಗೆ ಮೇಲಿರಲಿ, ಯಾರ ಕಿಟಕಿಗೂ ಬೇಡ ಅಂತ. ಪೈಪು ಉದ್ದವಾಗುತ್ತೆ ಎಂದು ಗೊಣಗಿ ಒಪ್ಪಿಕೊಂಡ. ವೆಂಟಿಲೇಟರನ್ನು ಮಾತ್ರ ಇಟ್ಟಿಗೆಯಿಟ್ಟು ಮುಚ್ಚಲು ನಾನು ಬಿಡಲಿಲ್ಲ. ಇವತ್ತು ನಸುಕಿನಲ್ಲಿ, ಪಕ್ಕದ ಪೆಟ್ಟಿಗೆಗಳ ಸದ್ದು ನಿಂತಮೇಲೆ ಹಗ್ಗ ಎಳೆದೆ. ತಂಪು ಇಳಿಯಿತು, ಮಗು ಕಣ್ಣುಮುಚ್ಚಿತು. ಇನ್ನುಮೇಲೆ ನಿಮ್ಮ ವ್ರತ ಬೆಳಗಿನ ಹೊತ್ತು.

ಆದರೂ ಒಂದು ಅನುಮಾನ. ಮಾಳಿಗೆಯಿಂದ ಹೊರಟ ಬಿಸಿ ಗಾಳಿ ಮೇಲಕ್ಕೇ ತಾನೆ ಹೋಗುವುದು? ಅಲ್ಲಿ ನಿಮಗೆ ಸ್ವಲ್ಪ ಸೆಕೆ ಅನ್ನಿಸಿದರೆ ಗೊಣಗಬೇಡಿ. ಅದು ನಿಮ್ಮ ಮೊಮ್ಮಗಳದು.