ಬೆನ್ನುಡಿಯ ಮೇಲೊಂದು ಕಾಡಿಗೆ ಬೊಟ್ಟು

ಗ್ರಂಥಾಲಯ ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನೀವೇ ಹಾಡಿ ಹೊಗಳಿದ ಪುಸ್ತಕವನ್ನು ನೀವೇ ತಿರಸ್ಕರಿಸಿದ್ದೀರಿ. ಬೆನ್ನುಡಿಯ ಕೆಳಗಿರುವ ಹೆಸರೇ ತಿರಸ್ಕಾರದ ಪತ್ರದ ಕೆಳಗೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ವಾರದಿಂದ ನೋಡುತ್ತಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ. ಈ ಪತ್ರವನ್ನೂ ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹರಿಯುವ ಮನಸ್ಸು ಬರುವ ಮೊದಲೇ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ನಾರಾಯಣಪೇಟೆಯ ಸಣ್ಣ ಪ್ರಕಾಶಕ. ಎಷ್ಟು ಸಣ್ಣ ಎಂದರೆ ಟೈಪು ಮಾಡುವವನೂ ನಾನೇ, ಕರಡು ತಿದ್ದುವವನೂ ನಾನೇ, ಪುಸ್ತಕದ ಕಟ್ಟು ಹೊತ್ತು ಮಕ್ತಲ್ ಬಸ್ಸು ಹತ್ತುವವನೂ ನಾನೇ. ತೆಲಂಗಾಣದಲ್ಲಿ ಕೂತು ಕನ್ನಡ ಪುಸ್ತಕ ತರುವ ನಮ್ಮಂಥವರಿಗೆ ಪ್ರಚಾರ ಎಂದರೆ ದೊಡ್ಡವರ ಎರಡು ಒಳ್ಳೆಯ ಮಾತು, ಅಷ್ಟೇ. ಅದಕ್ಕೇ ತಿರುಪತಮ್ಮನವರ ‘ಎಂಟು ಸೀರೆ, ಒಂದು ಹಾಸು’ ಪುಸ್ತಕದ ಹಸ್ತಪ್ರತಿ ಕಳಿಸಿ ನಿಮ್ಮಲ್ಲಿ ಬೆನ್ನುಡಿ ಬೇಡಿದ್ದೆ. ತಿರುಪತಮ್ಮ ಮಗ್ಗದವರು. ನಮ್ಮೂರಲ್ಲಿ ಮಗ್ಗಕ್ಕೆ ಒಮ್ಮೆ ಉದ್ದನೂಲಿನ ಹಾಸು ಹೂಡಿದರೆ ಆ ಒಂದೇ ಹಾಸಿನ ಮೇಲೆ ಸಾಲಾಗಿ ಎಂಟು ಸೀರೆ ನೇಯುತ್ತಾರೆ. ಒಂದೊಂದು ಸೀರೆಯೂ ಯಾರ ಮೈಮೇಲೆ ಹೋದೀತು ಎಂದು ಊಹಿಸುತ್ತ ಆಕೆ ಎಂಟು ಕತೆ ಬರೆದರು.

ನಿಮ್ಮ ಬೆನ್ನುಡಿ ಎರಡೇ ದಿನಕ್ಕೆ ಬಂತು. ಏನು ವೇಗ! “ಇಲ್ಲಿನ ಒಂದೊಂದು ಕವಿತೆಯೂ ಕನ್ನಡದ ಕಿರೀಟಕ್ಕೆ ಹೊಸ ರತ್ನ. ಇಂಥ ಪ್ರತಿಭೆ ಶತಮಾನಕ್ಕೊಮ್ಮೆ.” ಮಾನ್ಯರೇ, ಆ ಪುಸ್ತಕದಲ್ಲಿ ಹುಡುಕಿದರೂ ಒಂದು ಕವಿತೆ ಸಿಗುವುದಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆದರೆ ನಾನೇನು ಸಾಚಾನೇ? ‘ಕವಿತೆ’ ಹೊಡೆದು ‘ಕತೆ’ ಎಂದು ತಿದ್ದಿ ಅಚ್ಚಿಗೆ ಕಳಿಸಿದೆ. ಶತಮಾನಕ್ಕೊಮ್ಮೆ ಸಿಗುವ ಹೊಗಳಿಕೆಯನ್ನು ಕೈಬಿಡಲು ಯಾವ ಪ್ರಕಾಶಕನಿಗೆ ಮನಸ್ಸು ಬರುತ್ತದೆ ಹೇಳಿ.

ಪುಸ್ತಕ ಬಂತು. ಕಟ್ಟುಗಳನ್ನು ತಿರುಪತಮ್ಮನವರ ಮನೆಯಲ್ಲೇ ಇಳಿಸಿದೆ. ತಿರುಪತಮ್ಮ ಅದನ್ನು ತಿರುಗಿಸಿ ಬೆನ್ನುಡಿ ಓದಿದರು. ಮುಖ ಸಣ್ಣದಾಯಿತು.

“ಇಷ್ಟ್ಯಾಕ ಹೊಗಳ್ಯಾರ್ರೀ ಸಾರ್? ದಿಷ್ಟಿ ಆಗಂಗಿಲ್ಲೇನು?”

“ಪುಸ್ತಕಕ್ಕ ಎಂಥಾ ದಿಷ್ಟಿರೀ ಅಮ್ಮಾ!” ಎಂದು ನಕ್ಕುಬಿಟ್ಟೆ.

ನಗಬಾರದಿತ್ತು. ಮಗ್ಗದ ಮೇಲಿನ ಸೀರೆಯನ್ನು ಯಾರಾದರೂ ಅತಿಯಾಗಿ ಹೊಗಳಿದರೆ ಅವರ ಮನೆಯಲ್ಲಿ ಹಾಸಿನ ತುದಿಗೆ ಒಂದು ಬೊಟ್ಟು ಕಾಡಿಗೆ ಇಡುತ್ತಾರೆ. ಆ ತುದಿ ಹೇಗೂ ಕತ್ತರಿಸಿ ಎಸೆಯುವಂಥದ್ದು. ದೃಷ್ಟಿ ಅದರ ಜೊತೆಗೇ ಹೋಗುತ್ತದೆ, ಸೀರೆಗೆ ಕಲೆ ಉಳಿಯುವುದಿಲ್ಲ. ಮೂರು ದಿನ ಬಿಟ್ಟು ಹೋಗಿ ನೋಡುತ್ತೇನೆ: ಆಕೆ ಮತ್ತು ಸೊಸೆ ರಜಿತಾ ಮುನ್ನೂರು ಪ್ರತಿಗಳನ್ನೂ ಬೋರಲು ಹಾಕಿ, ನಿಮ್ಮ ಬೆನ್ನುಡಿಯ ನಟ್ಟನಡುವೆ ಒಂದೊಂದು ಬೊಟ್ಟಿಟ್ಟು, ಪಡಸಾಲೆ ತುಂಬ ಹರಡಿದ್ದಾರೆ! ಒರೆಸಲು ಹೋದರೆ ಇನ್ನಷ್ಟು ಹರಡಿತು. ಹಾಗೇ ಐದು ಪ್ರತಿಗಳನ್ನು ನಿಮ್ಮ ಸಮಿತಿಗೆ ಕಳಿಸಿದೆ.

ಐದೂ ವಾಪಸು ಬಂದವು. “ಪ್ರತಿಗಳ ಹಿಂಬದಿಯಲ್ಲಿ ಮಸಿಯ ಕಲೆ ಇರುವುದರಿಂದ ಆಯ್ಕೆಗೆ ಪರಿಗಣಿಸಲಾಗಿಲ್ಲ.”

ಒಪ್ಪುತ್ತೇನೆ, ಕಲೆ ಇದೆ. ಆದರೆ ಅದಕ್ಕಿಂತ ದೊಡ್ಡ ದೋಷವೊಂದಿತ್ತಲ್ಲ, ನಿಮ್ಮ ಏಳು ಸದಸ್ಯರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲವೇ? ಬೈಂಡಿಂಗಿನವರು ಎಲ್ಲ ಪ್ರತಿಗಳಲ್ಲೂ ಮೂರನೇ ಕತೆಯ ನಡುವೆ ಒಂದು ಮಡಿಕೆ ಕತ್ತರಿಸುವುದನ್ನೇ ಮರೆತಿದ್ದರು. ಹಾಳೆಗಳು ಒಂದಕ್ಕೊಂದು ಕೂಡಿಕೊಂಡಿವೆ, ಬಿಡಿಸದೆ ಮುಂದೆ ಓದಲಾಗದು. ಪುಸ್ತಕ ಕೊಂಡು ಓದಿದ ಮಾಗನೂರಿನ ಪೆಂಟಮ್ಮ, ಕುರಿ ಸಾಕುವ ಮನೆಯಾಕೆ, ಫೋನು ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು: “ಏನ್ರೀ, ಕತಿ ನಡುವ ಹೊಲದು ಇಟ್ಟೀರೇನು? ಆ ಗದ್ವಾಲದಾಕಿ ಗಂಡನ ಮನಿಗಿ ಹೋದ್ಳೋ ಇಲ್ಲೋ ತಿಳಕೊಳ್ಳಾಕ ತಲಿಪಿನ್ ಹುಡುಕಬೇಕಾತು!” ನನ್ನ ಪ್ರಕಾಶನಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆ ಈವರೆಗೆ ಬಂದಿಲ್ಲ. ನಿಮ್ಮಲ್ಲಿಂದ ಮರಳಿದ ಐದು ಪ್ರತಿಗಳಲ್ಲೂ ಆ ಮಡಿಕೆ ಹಾಗೇ ಇದೆ.

ಹೊಗಳುವಾಗ ಓದಲಿಲ್ಲ, ಆಯಿತು, ಅದು ನಮ್ಮ ಸಾಹಿತ್ಯಲೋಕದ ಶಿಷ್ಟಾಚಾರವೇ ಇರಬಹುದು. ತಿರಸ್ಕರಿಸುವಾಗಲಾದರೂ ಓದಬೇಡವೇ?

ಪುಸ್ತಕ ಗ್ರಂಥಾಲಯಕ್ಕೆ ಹೋಗದಿದ್ದರೆ ನನ್ನ ಅಟ್ಟದಲ್ಲಿರುತ್ತದೆ, ಇರಲಿ. ನನ್ನ ಸಂಕಟ ಬೇರೆ. ತಿರುಪತಮ್ಮ ತಮ್ಮ ಗದ್ವಾಲದ ತವರಿನ ಬಗ್ಗೆ ಇನ್ನೊಂದು ನೋಟುಬುಕ್ಕು ಅರ್ಧ ಬರೆದಿದ್ದರು. ನಿಮ್ಮ ಪತ್ರ ಓದಿದ ದಿನವೇ ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು. “ನನ್ನ ಕೈಯಾರೆ ನಾನ ಕೆಡಿಸಿದೆ ನೋಡ್ರೀ. ಕಾಡಿಗಿ ಎಲ್ಲಿಡಬೇಕು ಅಂತ ತಿಳೀಲಾರದಾಕಿಗಿ ಬುಕ್ಕು ಬರಿಯೋದು ಯಾಕ ಬೇಕಿತ್ತು? ಇನ್ನ ಬರಿಯಂಗಿಲ್ಲ.” ನಾನು ಎಷ್ಟು ಹೇಳಿದರೂ ನಂಬುತ್ತಿಲ್ಲ. ಹೇಗೆ ನಂಬಿಯಾರು? ನಿಮ್ಮ ಹೊಗಳಿಕೆಯನ್ನು ನಂಬಿಸಿದವನೂ ನಾನೇ ಅಲ್ಲವೇ? ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಪುಸ್ತಕವನ್ನು ಆಯ್ಕೆ ಮಾಡಿ ಎನ್ನುವುದಿಲ್ಲ. ಮಡಿಕೆ ಬಿಡಿಸದ ಅದೇ ಪ್ರತಿಯನ್ನು ಮತ್ತೆ ಕಳಿಸುತ್ತಿದ್ದೇನೆ. ಕತ್ತರಿಯೋ ಬ್ಲೇಡೋ ತೆಗೆದುಕೊಳ್ಳಿ, ಬಿಡಿಸಿ, ಓದಿ. ಓದಿ ತಿರುಪತಮ್ಮನವರಿಗೆ ನಿಮ್ಮ ಕೈಯಲ್ಲೇ ಒಂದು ಕಾಗದ ಬರೆಯಿರಿ. ಚೆನ್ನಾಗಿಲ್ಲ ಎನಿಸಿದರೆ ಹಾಗೇ ಬರೆಯಿರಿ, ಯಾವ ಕತೆ, ಎಲ್ಲಿ ಎಡವಿದೆ ಎಂದು ಹೇಳಿ. ತೆಗಳಿಕೆಗೆ ಅವರು ಹೆದರುವವರಲ್ಲ. ಜೊತೆಗೆ ಒಂದು ಸಾಲು ಸೇರಿಸಿ: ಪುಸ್ತಕ ಮರಳಿ ಬಂದದ್ದು ಕಾಡಿಗೆಯಿಂದಲ್ಲ, ನಾವು ಓದದೇ ಇದ್ದದ್ದರಿಂದ. ಆ ಒಂದು ಸಾಲಿಗೆ ಟ್ರಂಕಿನ ಬೀಗ ತೆರೆದೀತು.

ನಿಮ್ಮ ಬೆನ್ನುಡಿಯನ್ನು ಮುಂದಿನ ಮುದ್ರಣದಲ್ಲಿ ತೆಗೆದುಹಾಕುತ್ತೇನೆ. ಬೊಟ್ಟನ್ನು ತಪ್ಪು ಜಾಗದಲ್ಲಿ ಇಟ್ಟರು ಎಂದು ನಾನೂ ಆ ತಾಯಿಯ ಮೇಲೆ ಸಿಡುಕಿದ್ದೆ. ತಪ್ಪು ನನ್ನದು. ಕತ್ತರಿಸಿ ಎಸೆಯಬೇಕಾದ ತುದಿ ಯಾವುದೆಂದು ಅವರಿಗೆ ಸರಿಯಾಗಿಯೇ ಗೊತ್ತಿತ್ತು.

ಇಂತಿ,
ನಿಮ್ಮ ಹೊಗಳಿಕೆಯನ್ನು ತಿದ್ದಿ ಅಚ್ಚು ಹಾಕಿದ ಪಾಲುದಾರ,
ಭಾನುಪ್ರಕಾಶ
ನಾರಾಯಣಪೇಟೆ