ವಿಸೆಂತಾಳ ಪೆಪಿಯಾನ್

ನನ್ನ ವಿಸೆಂತಾ,

ನಮ್ಮ ಒರಾಲಿಯಾಳನ್ನು ಕೇಳಿಕೊಂಡು ಹೋದರು. ಭಾನುವಾರ ಶಾಸ್ತ್ರ ಮುಗಿಯಿತು. ಹುಡುಗ ಸೆಲ್ಸೊ, ನಿನಗೆ ಗೊತ್ತಿದ್ದವನೇ, ಸಂತೆಯಲ್ಲಿ ನಿನ್ನ ಬುಟ್ಟಿ ಹೊತ್ತುಕೊಂಡು ಬಂದು ಬಾಗಿಲಲ್ಲೇ ಇಟ್ಟು ಓಡಿಹೋಗುತ್ತಿದ್ದವನು. ರೊಟ್ಟಿ, ಚಾಕೊಲೇಟು, ಮೇಣದಬತ್ತಿ ಎಲ್ಲ ಬುಟ್ಟಿಗಟ್ಟಲೆ ತಂದರು. ಮಗಳು ಒಪ್ಪಿದಳು. ನಾನೂ ಒಪ್ಪಿದೆ. ಇಷ್ಟು ಒಳ್ಳೆಯ ಸುದ್ದಿಯನ್ನು ನಿನ್ನ ಸಮಾಧಿಯ ಮುಂದೆ ನಿಂತು ಬಾಯಿತುಂಬ ಹೇಳಬೇಕಿತ್ತು. ಆದರೆ ಬರೆಯುತ್ತಿದ್ದೇನೆ. ಕಾಗದದ ಮುಂದೆ ತಲೆ ತಗ್ಗಿಸಿ ಕೂತರೆ ನೋಡುವವರಿಗೆ ವಿಚಿತ್ರ ಅನ್ನಿಸುವುದಿಲ್ಲ, ಅದಕ್ಕೆ.

ಬೀಗರು ಬರುವ ದಿನ ಗೊತ್ತಾದ ಕೂಡಲೇ ನಿನ್ನ ಅಕ್ಕ ಮಕಾರಿಯಾ ಬಂದಳು. ಬಾಗಿಲಲ್ಲೇ ನಿಂತು, "ಪೆಪಿಯಾನ್ ನಾನು ಮಾಡ್ತೀನಿ. ನೀನು ಕೋಳಿ ಹಿಡಿದುಕೊಡು, ಸಾಕು" ಅಂದಳು. ನಾನು ಹೂಂ ಅಂದೆ. ಆ ದಿನ ಹುಡುಗಿಯ ಮನೆಯಲ್ಲಿ ಹುರಿದು ಅರೆದ ಮಸಾಲೆಯ ಆ ಕೋಳಿ ಗೊಜ್ಜು ಇಲ್ಲದೆ ನಡೆಯುವುದಿಲ್ಲ, ಯಾರನ್ನು ಕೇಳಲು ಬರುತ್ತಾರೋ ಆ ಹುಡುಗಿ ಒಲೆ ಮುಟ್ಟುವ ಹಾಗೂ ಇಲ್ಲ. ಇನ್ನು ಯಾರಿದ್ದಾರೆ? ಮಕಾರಿಯಾ ಹೋದ ಮೇಲೆ ಒರಾಲಿಯಾ ಮಗ್ಗದಿಂದ ಕಣ್ಣೆತ್ತದೆ ಹೇಳಿದಳು:

"ದೊಡ್ಡಮ್ಮ ಮಾಡಿದ್ರೆ ದೊಡ್ಡಮ್ಮನ ಪೆಪಿಯಾನ್ ಆಗುತ್ತೆ ಅಪ್ಪಾ. ಕೈಗೆ ಸಿಕ್ಕಷ್ಟು ದಾಲ್ಚಿನ್ನಿ ಸುರೀತಾಳೆ. ನಂಗೆ ಅವತ್ತು ಅಮ್ಮ ಮನೇಲಿರಬೇಕು."

"ಅಮ್ಮನ ಹಾಗೆ ಮಾಡೋರು ಯಾರಿದಾರೆ ಮಗಳೇ? ನಿನ್ನನ್ನಂತೂ ಅವಳು ಹೊಗೆ ಹತ್ರಾನೇ ಬಿಡಲಿಲ್ಲ. ಕಣ್ಣು ಮಗ್ಗಕ್ಕೆ ಬೇಕು ಅಂತಿದ್ದಳು."

"ಮೊದಲ ಚಮಚ ಯಾರ ಅಂಗೈಗೆ ಹಾಕ್ತಿದ್ದಳು?"

ನೀನು ನನ್ನ ಅಂಗೈಗೇ ಹಾಕುತ್ತಿದ್ದೆ. ಬಿಸಿಬಿಸಿ ಗೊಜ್ಜು, ನಾನು ನೆಕ್ಕಿ ನೋಡುತ್ತಿದ್ದೆ. ಏನು ಕಡಿಮೆ ಎಂದು ನೀನು ಕೇಳುತ್ತಿದ್ದೆ, ಏನೂ ಇಲ್ಲ ಎಂದು ನಾನು ಎದ್ದು ಹೋಗುತ್ತಿದ್ದೆ. ನಿನ್ನ ರುಚಿ ನನ್ನ ನಾಲಿಗೆಯಲ್ಲಿತ್ತು. ಅದು ಕೈಗೆ ಇಳಿಯಬೇಕಾಗಿತ್ತು.

ಶನಿವಾರ ಕೆಲಸಕ್ಕೆ ಹೋಗಲಿಲ್ಲ. ಯಾರದೋ ಮನೆಗೆ ನೆಲ ಹಾಸುವ ಕೆಲಸ ಅರ್ಧಕ್ಕೆ ನಿಂತಿತ್ತು, ಮೈ ಸರಿಯಿಲ್ಲ ಎಂದು ಹೇಳಿಕಳಿಸಿದೆ. ಒರಾಲಿಯಾಳನ್ನು ನೂಲು ತರಲು ಚಿಮಾಲ್ತೆನಾಂಗೊ ಪೇಟೆಗೆ ಕಳಿಸಿ, ಬೀದಿಬಾಗಿಲಿಗೆ ಅಗುಳಿ ಹಾಕಿದೆ. ಮಸಾಲೆ ನಾನೇ ಅರೆಯಬೇಕಿತ್ತು. ಗಿರಣಿಗೆ ಒಯ್ದರೆ ಇಷ್ಟು ಕಷ್ಟವಿಲ್ಲ. ಆದರೆ ಗಿರಣಿಯ ಪುಡಿಗೆ ಹತ್ತು ಮನೆಯ ವಾಸನೆ ಎಂದು ನೀನು ಮೂಗು ಮುರಿಯುತ್ತಿದ್ದೆ. ಅಲ್ಲದೆ, ಒಬ್ಬ ಗಂಡಸು ಕುಂಬಳ ಬೀಜ, ಎಳ್ಳು ಹಿಡಿದು ಹೆಂಗಸರ ಸಾಲಿನಲ್ಲಿ ನಿಂತರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನಿನಗೆ ಸುಳ್ಳು ಹೇಳಲಾರೆ. ಗಿರಣಿಗೆ ಹೋಗದಿದ್ದುದಕ್ಕೆ ಎರಡನೆಯ ಕಾರಣವೇ ದೊಡ್ಡದು.

ಕಾವಲಿಯ ಮೇಲೆ ಎಳ್ಳು ಹಾಕಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತೆ. ಎಳ್ಳು ಚಟಪಟ ಸಿಡಿದು ಕಪ್ಪಾಯಿತು. ಎಸೆದೆ. ಮತ್ತೆ ಹಾಕಿದೆ, ಈ ಸಲ ಕಣ್ಣು ತೆಗೆಯದೆ ನೋಡಿದೆ. ಮೆಣಸಿನಕಾಯಿ ಹುರಿಯುವಾಗ ಘಾಟಿಗೆ ನಾಯಿ ಕೆಮ್ಮುತ್ತ ಹಿತ್ತಲಿಗೆ ಓಡಿತು. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ ಸುಟ್ಟೆ. ಎಲ್ಲ ಬುಟ್ಟಿಗೆ ತುಂಬಿಕೊಂಡು ನಿನ್ನ ಅರೆಯುವ ಕಲ್ಲಿನ ಮುಂದೆ ನಿಂತೆ. ಸುಮ್ಮನೆ ಒಂದಿಷ್ಟು ಹೊತ್ತು ನಿಂತೇ ಇದ್ದೆ ವಿಸೆಂತಾ. ಆ ಕಲ್ಲಿನ ಮುಂದೆ ನಮ್ಮಪ್ಪ ಮಂಡಿಯೂರಿದ್ದನ್ನು ನಾನು ನೋಡಿಲ್ಲ. ಅವರಪ್ಪನನ್ನು ಅವರೂ ನೋಡಿರಲಿಕ್ಕಿಲ್ಲ.

ಊರಿದೆ. ಬೀಜಗಳು ಕೈಗಲ್ಲಿನ ಕೆಳಗಿನಿಂದ ಜಾರಿ ಜಾರಿ ಅಂಗಳಕ್ಕೆ ಹಾರಿದವು. ನೆಲ ಹಾಸುವವನಿಗೆ ಮಂಡಿ ಅಭ್ಯಾಸವಿರುತ್ತದೆ, ಆದರೆ ನೆಲ ಹಾಸುವಾಗ ನಾವು ಸರಿಯುತ್ತ ಹೋಗುತ್ತೇವೆ. ಇಲ್ಲಿ ಒಂದೇ ಕಡೆ ಊರಿ, ಸೊಂಟದಿಂದ ಮುಂದಕ್ಕೆ ನೂಕಿ ಹಿಂದಕ್ಕೆ ಎಳೆಯಬೇಕು. ಸ್ವಲ್ಪ ಹೊತ್ತಿಗೇ ಮಂಡಿಯ ಕೆಳಗೆ ಎರಡು ಕಡೆ ಉರಿ ಎದ್ದಿತು. ಆಗ ನಿನ್ನ ಮಂಡಿಗಳ ಮೇಲಿದ್ದ ಎರಡು ಕಪ್ಪು ಕಲೆ ನೆನಪಾದವು. ಅಷ್ಟು ವರ್ಷ ಅವನ್ನು ನೋಡಿದ್ದೇನೆ. ದೇವರ ಮುಂದೆ ಮಂಡಿಯೂರಿ ಆದದ್ದು ಎಂದುಕೊಂಡಿದ್ದೆ. ನನ್ನ ಹೆಂಡತಿ ಭಕ್ತೆ ಎಂದು ಒಬ್ಬಿಬ್ಬರ ಹತ್ತಿರ ಹೇಳಿಕೊಂಡೂ ಇದ್ದೆ.

ಬೀದಿಬಾಗಿಲಿಗೆ ಅಗುಳಿ ಹಾಕಿದವನು ಹಿತ್ತಲನ್ನು ಮರೆತಿದ್ದೆ. ಮಕಾರಿಯಾ ಅಲ್ಲಿಂದಲೇ ಬಂದಳು, ತೋಳಲ್ಲಿ ಸೀಮೆಬದನೆ ತುಂಬಿಕೊಂಡು. ನನ್ನನ್ನು ನೋಡಿದವಳೇ ಒಂದು ಸೀಮೆಬದನೆ ಕೆಳಕ್ಕೆ ಬೀಳಿಸಿದಳು.

"ಅಯ್ಯೋ ದೇವರೇ! ಅನ್ಸೆಲ್ಮೊ! ಇನ್ನು ಲಂಗ ಸುತ್ಕೊಳ್ಳೋದೊಂದು ಬಾಕಿ ನೋಡು."

"ಮೆಲ್ಲಗೆ ಅತ್ತಿಗೆ, ಪಕ್ಕದ ಮನೆಗೆ ಕೇಳಿಸುತ್ತೆ."

"ಕೇಳಿಸ್ಲಿ. ಕಂಡೋರ ಮನೆ ನೆಲಕ್ಕೆಲ್ಲ ಮಂಡಿ ಊರ್ತೀಯ, ಹೆಂಡ್ತಿ ಕಲ್ಲಿಗೆ ಊರೋಕೆ ನಾಚ್ಕೇನಾ? ಯಾಕೆ, ನನ್ನ ಪೆಪಿಯಾನಿಗೆ ಏನಾಗಿತ್ತು?"

ಹೇಳಿದೆ. ಒರಾಲಿಯಾ ಅಂದದ್ದನ್ನು ದಾಲ್ಚಿನ್ನಿಯ ಮಾತು ಬಿಟ್ಟು ಹೇಳಿದೆ. ಮಕಾರಿಯಾ ಸೀಮೆಬದನೆಗಳನ್ನು ಮೂಲೆಗಿಟ್ಟು ನನ್ನ ಹಿಂದೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಸೊಂಟಕ್ಕೆ ಒಂದು ಗುದ್ದು ಕೊಟ್ಟಳು. "ತೋಳಲ್ಲಿ ಅಲ್ಲ ಕಣಯ್ಯಾ, ಇಲ್ಲಿಂದ ನೂಕು. ಮಣ್ಣು ಕಲಸ್ತಿದೀಯ ಅಂದ್ಕೊಂಡ್ಯಾ?" ಕತ್ತಲಾಗುವವರೆಗೂ ಕೂತು ನೋಡಿದಳು. ಕಲ್ಲು ಮಾತ್ರ ಮುಟ್ಟಲಿಲ್ಲ. ಹೋಗುವಾಗ ಹೇಳಿದಳು: "ನಾಳೆ ಊಟ ಆದ್ಮೇಲೆ ಹಿರಿಯರು ಯಾರ ಕೈ ಅಂತ ಕೇಳ್ತಾರೆ. ಏನು ಹೇಳ್ತೀಯ?"

"ಅಡುಗೆ ವಿಸೆಂತಾಳದು, ಕೈ ಮಾತ್ರ ನನ್ನದು ಅಂತೀನಿ."

"ಹೂಂ. ಹಂಗೇ ಅನ್ನು" ಅಂದಳು. ಮುಖದಲ್ಲಿ ನಗು ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹಬ್ಬದ ಬಿಳಿ ಷರಾಯಿ ಹಾಕಿಕೊಂಡು, ಕುದಿಯುತ್ತಿದ್ದ ಮಡಕೆಯಿಂದ ಒಂದು ಚಮಚ ಅಂಗೈಗೆ ಹಾಕಿಕೊಂಡೆ. ಖಾರ ಸರಿ, ಉಪ್ಪು ಸರಿ. ನೀನು ಮಾತ್ರ ಇರಲಿಲ್ಲ. ನೀರುನೀರಾಗಿ ನಾಲಿಗೆಯ ಮೇಲಿಂದ ಹರಿದುಹೋಯಿತು. ಬೀಗರು ಬರುವ ಹೊತ್ತು. ಏನು ಕಡಿಮೆ, ಏನು ಕಡಿಮೆ ಎಂದು ಮಡಕೆಯ ಸುತ್ತ ತಿರುಗಿದೆ. ಆ ಪ್ರಶ್ನೆಯನ್ನು ನೀನು ಕೇಳುತ್ತಿದ್ದಾಗ ಒಮ್ಮೆಯಾದರೂ ಕಿವಿಗೊಟ್ಟಿದ್ದರೆ! ಹೊರಗೆ ಮಕಾರಿಯಾ ರೊಟ್ಟಿ ತಟ್ಟುತ್ತಿದ್ದಳು. ಕಾವಲಿಯ ಅಂಚಿನಲ್ಲಿ ಒಂದು ಹೊತ್ತಿತು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಗೊತ್ತಾಯಿತು. ನೀನು ಪೆಪಿಯಾನ್ ಮಾಡಿದಾಗಲೆಲ್ಲ ಮನೆಯಲ್ಲಿ ಸುಟ್ಟ ರೊಟ್ಟಿಯ ವಾಸನೆ. ಮಾತಾಡುತ್ತ ಕೂತರೆ ಹೀಗೇ ಸೀಯುತ್ತದೆ ಎಂದು ನಾನು ಗೊಣಗುತ್ತಿದ್ದೆ. ನೀನು ಬೇಕೆಂದೇ ಇದ್ದಲಿನಷ್ಟು ಕಪ್ಪಗೆ ಸುಡುತ್ತಿದ್ದೆ. ಅರೆದು ಮಡಕೆಗೆ ಹಾಕುತ್ತಿದ್ದೆ. ಗಟ್ಟಿಯಾಗುವುದೂ ಅದರಿಂದ, ಕೊನೆಗೆ ನಾಲಿಗೆಯ ಹಿಂದೆ ಉಳಿಯುವ ಆ ಸಣ್ಣ ಕಹಿಯೂ ಅದರಿಂದ. ಗೊಣಗುವವನಿಗೆ ನೀನು ಒಂದು ದಿನವೂ ವಿವರಿಸಲಿಲ್ಲ. ನಾನೂ ಕೇಳಲಿಲ್ಲ.

ನಾಲ್ಕೈದು ರೊಟ್ಟಿ ಸುಟ್ಟು, ಹಾಕಿದ್ದ ಬಟ್ಟೆಯಲ್ಲೇ ಮಂಡಿಯೂರಿ ಅರೆದು ಸುರಿದೆ. ಕುದಿ ಬಂದ ಮೇಲೆ ಮತ್ತೆ ಅಂಗೈಗೆ ಹಾಕಿಕೊಂಡೆ. ವಿಸೆಂತಾ, ನೀನು ಬಂದಿದ್ದೆ.

ಅಂಗಳ ತುಂಬ ಜನ. ಸೆಲ್ಸೊನ ಅಮ್ಮ ಗ್ರೆಗೋರಿಯಾ, ಹೆಣ್ಣು ಕೇಳಲು ಬಂದಿದ್ದ ಅವನ ಅಜ್ಜ, ಎಲ್ಲರೂ ತಾತ ಎನ್ನುವ ನಿಕಾನೊರ್, ಅವರ ಬಳಗ, ನಮ್ಮ ಬಳಗ, ನನ್ನ ಜೊತೆ ಕೆಲಸ ಮಾಡುವ ಗಾರೆಯವರು. ಎಲ್ಲರೂ ಬೆರಳು ನೆಕ್ಕಿ ತಿಂದರು. ಗ್ರೆಗೋರಿಯಾ ಎರಡನೆಯ ಸಲ ಹಾಕಿಸಿಕೊಂಡು ಜೊತೆಗಿಟ್ಟಿದ್ದ ಕಡುಬಿನಿಂದ ತಟ್ಟೆಯ ತಳ ಒರೆಸಿದಳು. ನನಗೆ ಎದೆ ತುಂಬಿ ಬರುತ್ತಿತ್ತು. ಆ ಹೊತ್ತಿಗೆ ನಮ್ಮ ಗಾರೆಯವರಲ್ಲಿ ಒಬ್ಬ ಯಾವನದೋ ಕತೆ ತೆಗೆದ. ಕೆಳಗಿನ ಕೇರಿಯವನಂತೆ, ಹೆಂಡತಿ ಕಾಹಿಲೆ ಬಿದ್ದಾಗ ಬಟ್ಟೆ ಒಗೆಯಲು ಊರ ತೊಟ್ಟಿಗೆ ಹೋಗಿದ್ದನಂತೆ. "ಒಳಲಂಗ ಹಿಂಡ್ತಿದ್ದ ಕಣ್ರೋ! ಹೆಂಗಸರು ಸೋಪು ತೇಲಿಬಿಟ್ಟು, ಬಾರೇ ತಂಗಿ, ನಮ್ದೂ ಒಂದೆರಡು ಒಗೆದುಕೊಡು ಅಂದ್ರಂತೆ!" ಗಂಡಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕೆ.

ಆ ನಗು ಆರುವ ಮೊದಲೇ ತಾತ ನಿಕಾನೊರ್ ಎದ್ದು ಟೋಪಿ ತೆಗೆದರು. "ಹೊಟ್ಟೆ ತಣ್ಣಗಾಯ್ತು. ಯಾರ ಕೈ ಇದು? ಹೆಸರು ಹೇಳಿ, ಅವರ ಹೆಸರಲ್ಲಿ ಧನ್ಯವಾದ ಹೇಳ್ತೀವಿ."

ಹೇಳಬೇಕಾದ ಮಾತು ನನ್ನ ಬಾಯಲ್ಲೇ ಇತ್ತು. ಬೆಳಿಗ್ಗೆಯಿಂದ ಉರು ಹೊಡೆದಿದ್ದೆ. ಗಾರೆಯವರ ಮುಖ ಕಂಡಿತು, ಅವರ ತುಟಿಯ ಮೇಲೆ ಇನ್ನೂ ನಗು ಉಳಿದಿತ್ತು. ನಾನು ತಟ್ಟೆ ನೋಡಿದೆ.

"ಯಾರ ಕೈ, ಬೀಗರೇ?" ತಾತ ಇನ್ನೊಮ್ಮೆ ಕೇಳಿದರು, ಮೆತ್ತಗೆ, ನನ್ನನ್ನೇ.

ಮಕಾರಿಯಾ ಅಡುಗೆಮನೆಯ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು, ಕಾದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಕೈ ಒರೆಸಿಕೊಳ್ಳುತ್ತ ಅವಳೇ ಮುಂದೆ ಬಂದು ನಿಂತಳು. ತಾತ ಮಕಾರಿಯಾಳ ಕೈಗೆ ಧನ್ಯವಾದ ಅಂದರು. ಅಂಗಳವೆಲ್ಲ ಅದನ್ನೇ ಹೇಳಿತು. ನಿನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಿನ್ನ ಮಗಳನ್ನು ಕೇಳಿದ ದಿನ, ನಿನ್ನದೇ ಅಂಗಳದಲ್ಲಿ, ನಿನ್ನದೇ ಅಡುಗೆ ಉಂಡು.

ಎಲ್ಲರೂ ಹೋದ ಮೇಲೆ ಮಕಾರಿಯಾ ತನ್ನ ಪಾತ್ರೆಗಳನ್ನು ಎತ್ತಿಕೊಂಡು ಹೊರಟುಬಿಟ್ಟಳು. ಎರಡು ಬೈದಿದ್ದರೆ ಹಗುರವಾಗುತ್ತಿತ್ತು. ಒರಾಲಿಯಾ ತಟ್ಟೆ ತೊಳೆಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು.

"ಅಮ್ಮ ಬಂದಿದ್ದಳಪ್ಪಾ. ಮೊದಲ ತುತ್ತಿಗೇ ಗೊತ್ತಾಯ್ತು. ಅಷ್ಟು ಕಷ್ಟಪಟ್ಟು ಕರೆದುಕೊಂಡು ಬಂದೆ. ಬಂದವಳನ್ನ ನೀನೇ ಯಾಕೆ ಹೊರಗೆ ನಿಲ್ಲಿಸಿದೆ?"

ಕೋಪದಲ್ಲಿ ಕೇಳಿದ್ದಲ್ಲ. ನಿಜವಾಗಿ ತಿಳಿಯದೆ ಕೇಳಿದಳು.

ನಿನ್ನೆ ಬೀಗರ ಮನೆಗೆ ಹೋಗಿದ್ದೆ. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ತಿರುಗಿದೆ. ಗ್ರೆಗೋರಿಯಾ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ತಾತ ಮಣೆಯ ಮೇಲೆ ಕೂತು ಬಿಸಿ ಗಂಜಿ ಊದುತ್ತಿದ್ದರು, ಸೆಲ್ಸೊ ಕಟ್ಟಿಗೆ ತಂದು ಹಾಕುತ್ತಿದ್ದ. ಕೂತುಕೊಳ್ಳಿ ಅಂದರು. ಕೂತರೆ ಹೇಳಲಾರೆ ಎಂದು ನಿಂತೇ ಹೇಳಿದೆ. "ಭಾನುವಾರದ ಪೆಪಿಯಾನ್ ಮಕಾರಿಯಾಳದಲ್ಲ. ನನ್ನ ವಿಸೆಂತಾಳದು. ಅರೆದವನು, ಬೇಯಿಸಿದವನು ನಾನು."

ಗ್ರೆಗೋರಿಯಾಳ ಕೈಯಲ್ಲಿದ್ದ ರೊಟ್ಟಿ ನಿಂತಿತು. ಆಮೇಲೆ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಬೀಗರೇ, ನಿಮ್ಮ ಮಂಡಿ! ಬಿಳಿ ಷರಾಯಿಗೆ ಎರಡು ಕಡೆ ಇಷ್ಟಗಲ ಮಸಾಲೆ ಮೆತ್ತಿತ್ತಲ್ಲ! ನಮ್ಮನ್ನ ಬಾಗಿಲಲ್ಲಿ ಕರೆದುಕೊಳ್ಳೋಕೆ ಬಂದಾಗಲೇ ನೋಡಿದ್ವಿ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಊಟದುದ್ದಕ್ಕೂ, ಆ ತೊಟ್ಟಿಯ ಕತೆಗೆ ಗೊಳ್ಳೆಂದು ನಗುವಾಗಲೂ, ನಾನು ಆ ಮಂಡಿಗಳನ್ನು ಎಲ್ಲರೆದುರು ಚಾಚಿಕೊಂಡು ಕೂತಿದ್ದೆ. ಗಾರೆಯವರೂ ನೋಡಿರುತ್ತಾರೆ. ನನ್ನ ಗುಟ್ಟು ಅಂಗಳದಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಅವರಿಗೆ ಹೊಸದಾಗಿ ತಿಳಿದದ್ದು ಒಂದೇ: ಈ ಮನುಷ್ಯ ಹೇಳುವುದಿಲ್ಲ ಎಂಬುದು.

"ಅದಕ್ಕೇ ಎರಡನೇ ಸಲ ಕೇಳಿದೆನಪ್ಪ" ಅಂದರು ತಾತ. ಗಂಜಿಯ ಬಟ್ಟಲು ಕೆಳಗಿಟ್ಟು, ಗೋಡೆ ಹಿಡಿದು ಎದ್ದರು. ಮನೆಯೊಳಗಾದ್ದರಿಂದ ತಲೆಯ ಮೇಲೆ ಟೋಪಿ ಇರಲಿಲ್ಲ. ಸೆಲ್ಸೊನಿಂದ ತರಿಸಿ ಹಾಕಿಕೊಂಡು, ಮತ್ತೆ ತೆಗೆದು ಎದೆಗೆ ಹಿಡಿದರು. "ವಿಸೆಂತಾಳ ಕೈಗೆ ಧನ್ಯವಾದ. ಉಂಡೆವು, ತಣಿದೆವು." ಗ್ರೆಗೋರಿಯಾ ನಗು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಅದನ್ನು ಹೇಳಿದಳು. ಸೆಲ್ಸೊ ಕಟ್ಟಿಗೆ ಹಿಡಿದುಕೊಂಡೇ ಹೇಳಿದ.

ಅಂಗಳ ತುಂಬ ಹೇಳಬೇಕಾಗಿದ್ದ ಹೆಸರನ್ನು ಒಲೆಯ ಮುಂದೆ ಮೂವರು ಹೇಳಿದರು. ಕಡಿಮೆಯಾಯಿತು. ಗೊತ್ತು.

ಹೊರಡುವಾಗ ಗ್ರೆಗೋರಿಯಾ ಕೇಳಿದಳು, ಮದುವೆಗೆ ನಮ್ಮ ಅಂಗಳದಲ್ಲಿ ಹೆಂಗಸರೆಲ್ಲ ಸಾಲಾಗಿ ಕಲ್ಲು ಹಾಕಿಕೊಂಡು ಅರೆಯುತ್ತೇವೆ, ನಿಮಗೂ ಒಂದು ಕಲ್ಲು ಇಡಲಾ ಎಂದು. ತಮಾಷೆಗೆ ಕೇಳಿದಳೋ ನಿಜಕ್ಕೋ ತಿಳಿಯಲಿಲ್ಲ. ಇಡಿ ಅಂದೆ. ಅವತ್ತು ಗಾರೆಯವರು ಬೇಲಿಯಾಚೆ ನಿಂತು ನೋಡುತ್ತಾರೆ, ಹೆಂಗಸರು ಬಾರೇ ತಂಗಿ ಅನ್ನುತ್ತಾರೆ. ಆಗ ನಾನು ಮತ್ತೆ ತಲೆ ತಗ್ಗಿಸುವುದಿಲ್ಲ ಎಂದು ನಿನಗೆ ಮಾತು ಕೊಡುವ ಧೈರ್ಯವೂ ನನಗಿಲ್ಲ. ಹೋಗುತ್ತೇನೆ ಎಂದಷ್ಟೇ ಹೇಳಬಲ್ಲೆ.

ನಿನ್ನ ಆಶೀರ್ವಾದವನ್ನು ಈಗ ಮಗಳಿಗೆ ಕೊಡು, ಪೂರ್ತಿ ಅವಳಿಗೇ ಕೊಡು. ನನ್ನ ಪಾಲನ್ನು ಮದುವೆ ಆಗುವವರೆಗೆ ನಿನ್ನ ಹತ್ತಿರವೇ ಇಟ್ಟುಕೊಂಡಿರು. ಆಮೇಲೆ ಕೊಡಬಹುದು ಅನ್ನಿಸಿದರೆ ಕೊಡು.

ನಿನಗೆ ಮುಖ ತೋರಿಸಲು ಇನ್ನೂ ನಾಚುತ್ತಿರುವ,
ಅನ್ಸೆಲ್ಮೊ