ಊರ ಟಿವಿಯಲ್ಲಿ ನನ್ನ ಬಾಯಿ

ವರ್ಮಾಂಟ್, ಮಾರ್ಚ್ ೫

ಅಜ್ಜಿ,
ಕಾರ್ಡನ್ನು ಅಂಚೆಯವನು ಓದಿದರೂ ಓದಲಿ, ಇಲ್ಲಿ ಊರಿಗೆಲ್ಲ ಗೊತ್ತಾಗಿದೆ. ಕ್ಲಾಸ್ ಮುಗಿದ ಮೇಲೆ ಊರ ಟಿವಿಯಲ್ಲಿ ಕ್ಯಾಮೆರಾ ಹಿಡಿಯುತ್ತೇನಲ್ಲ, ಅಲ್ಲಿ ಎಂಬತ್ತು ದಾಟಿದ ಓರ್ವಿಲ್ ದಿನವೂ ಶಾಲೆಯ ಊಟದ ಪಟ್ಟಿ, ತೀರಿಕೊಂಡವರ ಹೆಸರು ಓದುತ್ತಾರೆ. ಹೋದ ವಾರ ಮೈಕ್ ಆಫ್ ಆಗಿದೆಯೆಂದುಕೊಂಡು, "ಇದನ್ನೆಲ್ಲ ಯಾರ್ ನೋಡ್ತಾರೆ, ದೆವ್ವಗಳಾ?" ಅಂದುಬಿಟ್ಟೆ. ಅದು ನೇರ ಪ್ರಸಾರ.

ನಿನ್ನೆ ಊರಸಭೆಯಲ್ಲಿ, ಊರಿನ ದುಡ್ಡಲ್ಲಿ ನಡೆಯುವ ಈ ಟಿವಿಯನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ಕೈಯೆತ್ತಿ ಮತ ಹಾಕುವುದಿತ್ತು. ಚಿತ್ರೀಕರಣ ನನ್ನದೇ. ಟ್ರಾಸ್ಕ್ ಎನ್ನುವವರು ಎದ್ದು, "ಅಲ್ಲಿರೋ ಹುಡುಗೀನೇ ಯಾರೂ ನೋಡಲ್ಲ ಅಂದ್ಳಲ್ರೀ!" ಎಂದರು. ಮಾತಾಡುವವರ ಮುಖದಿಂದ ಕ್ಯಾಮೆರಾ ಸರಿಸುವಂತಿಲ್ಲ. ಅವರ ಮುಖಕ್ಕೇ ಹಿಡಿದು ನಿಂತೆ.

ಓರ್ವಿಲ್ ಎದ್ದರು. "ಅವಳು ಹಂಗಂದಿದ್ದು ನಿಂಗ್ಹೆಂಗೆ ಗೊತ್ತಾಯ್ತು, ಟ್ರಾಸ್ಕ್?"
"ಟಿವೀಲಿ…"
ಸಭೆಗೆ ಸಭೆಯೇ ನಕ್ಕಿತು. ಒಂಬತ್ತು ಕೈ ಹೆಚ್ಚಾಗಿ ಟಿವಿ ಉಳಿಯಿತು.

ನನಗೆ ನಗು ಬರಲಿಲ್ಲ. ಹೊರಡುವಾಗ ಓರ್ವಿಲ್ ಇವತ್ತಿನ ಪಟ್ಟಿಯನ್ನು ನನ್ನ ಕೈಗಿಟ್ಟು, "ನಾಳೆ ನೀನೇ ಓದಮ್ಮ, ದೆವ್ವಗಳು ಕಾಯ್ತಿರ್ತವೆ" ಅಂದರು. ಅಜ್ಜಿ, ಅವರಲ್ಲಿ ಕ್ಷಮೆ ಕೇಳಲು ಇನ್ನೂ ನಾಲಿಗೆ ಏಳುತ್ತಿಲ್ಲ.

ಶೀತ ಕಡಿಮೆಯಾಗಿದೆ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಸರಿಹೋಯಿತು. ಅಮ್ಮನಿಗೆ ನಾನೇ ಹೇಳುತ್ತೇನೆ. ಟಿವಿಯಲ್ಲಿ ಪಟ್ಟಿ ಓದುವ ಹೊತ್ತಾಯಿತು.

ಡೆಲ್ಫೀನ್